ಮೈಮುರಿದು ದುಡಿಯುವವರ ಬಳಿ ವರ್ಗದ ಮಾತು ತೆಗೆಯುವುದು ಹೇಗೆ

"ನೀವು ಯಾವ ವರ್ಗದವರು?" ಅಂತ ಮೊದಲೇ ಕೇಳಬೇಡಿ. ಹಾಗೆ ಕೇಳಿದರೆ ಎದುರಿಗಿರುವವರು ತಮಗನಿಸಿದ್ದನ್ನು ಬಿಟ್ಟು, ನಿಮಗೆ ಯಾವ ಉತ್ತರ ಬೇಕಿರಬಹುದು ಅಂತ ಯೋಚಿಸತೊಡಗುತ್ತಾರೆ. ವೆಲ್ಡರ್‌ಗಳು, ಗಾರೆ ಕೆಲಸದವರು, ಮೂಟೆ ಹೊರುವವರ ಮಾತನ್ನು ದಾಖಲಿಸುವುದೇ ನನ್ನ ಕೆಲಸ. ನಾನು ಶುರುಮಾಡುವುದು ಹೀಗೆ: ಇವತ್ತು ಏನು ಕೆಲಸ ಆಯ್ತು, ಹಾಗೆ ಮಾಡಿ ಅಂದವರು ಯಾರು, ಅದು ಸರಿಯಿಲ್ಲ ಅಂತ ನಿಮಗನಿಸಿದರೆ ಯಾರ ಮಾತು ನಡೆಯುತ್ತೆ? ಮೇಲ್ವಿಚಾರಕರು ಪಕ್ಕದಲ್ಲಿದ್ದರೆ ಮಾತ್ರ ಕೇಳಲೇಬೇಡಿ.

ಪಟ್ಟಿ ಕೊಟ್ಟು ಆರಿಸಿ ಅನ್ನುವುದಾದರೆ ಆ ಪಟ್ಟಿಯ ಮೇಲೆ ಕಣ್ಣಿರಲಿ. ಅಮೆರಿಕದಲ್ಲಿ ಮೇಲು, ಮಧ್ಯಮ, ಕೆಳ ಎಂಬ ಮೂರನ್ನೇ ಮುಂದಿಟ್ಟಾಗ ಬಹುಪಾಲು ಜನ ಮಧ್ಯಮ ಅಂದಿದ್ದರು. ಅಲ್ಲಿನ ಮನಶ್ಶಾಸ್ತ್ರಜ್ಞ ರಿಚರ್ಡ್ ಸೆಂಟರ್ಸ್ ಅದಕ್ಕೆ 'ದುಡಿಯುವ ವರ್ಗ'ವನ್ನೂ ಸೇರಿಸಿ ಕೇಳಿದರು. 1949ರಲ್ಲಿ ಅವರು ಪ್ರಕಟಿಸಿದ ಅಧ್ಯಯನದಲ್ಲಿ ಸುಮಾರು ಅರ್ಧದಷ್ಟು ಮಂದಿ ಅದನ್ನೇ ಆರಿಸಿಕೊಂಡಿದ್ದರು. ನಾನು ಕೆಳಗಿನವನು ಅಂತ ತನ್ನ ಬಾಯಿಂದಲೇ ಹೇಳಿಕೊಳ್ಳಲು ಯಾರಿಗೆ ಮನಸ್ಸು ಬಂದೀತು?

ಬ್ರಿಟನ್ನಿನ ಸಮಾಜಶಾಸ್ತ್ರಜ್ಞ ಡೇವಿಡ್ ಲಾಕ್‌ವುಡ್ 1966ರಲ್ಲಿ, ದುಡಿಯುವವರು ಸಮಾಜವನ್ನು ಕಾಣುವ ಮೂರು ನೋಟಗಳನ್ನು ಗುರುತಿಸಿದರು. ಗಣಿ, ಬಂದರಿನಂಥ ಕಡೆ ಒಟ್ಟಿಗೆ ದುಡಿದು ಒಟ್ಟಿಗೆ ಬದುಕುವವರಿಗೆ ಸಮಾಜ ಅಂದರೆ ನಾವು ಮತ್ತು ಅವರು, ನಡುವೆ ಇರುವುದು ಅಧಿಕಾರದ ಗೆರೆ. ಯಜಮಾನನ ಕಣ್ಣೆದುರೇ ದುಡಿಯುವ ಹೊಲದಾಳಿಗೆ ಅದು ಅಂತಸ್ತಿನ ಮೆಟ್ಟಿಲು. ಕೆಲಸದ ಜಾಗದಲ್ಲೂ ವಾಸದ ಜಾಗದಲ್ಲೂ ಹೆಚ್ಚು ನಂಟಿಲ್ಲದ ಕಾರ್ಖಾನೆಯವನಿಗೆ ಎಲ್ಲವೂ ದುಡ್ಡಿನ ಲೆಕ್ಕ. ಇದನ್ನು ತಲೆಯಲ್ಲಿಟ್ಟುಕೊಳ್ಳಿ, ಆದರೆ ಜನರನ್ನು ಅದರೊಳಗೆ ತುರುಕಬೇಡಿ. ಮೂರೂ ಒಬ್ಬರ ಬಾಯಲ್ಲೇ ಬರುವುದನ್ನು ಕೇಳಿದ್ದೇನೆ.

ಒಬ್ಬ ವೆಲ್ಡರ್ ಮುಂಗೈ ಮೇಲಿನ ಸುಟ್ಟ ಕಲೆಗಳನ್ನು ಉಜ್ಜಿಕೊಳ್ಳುತ್ತಾ, "ಡ್ರಾಯಿಂಗ್ ಅವರದು ಸರ್. ಆದ್ರೆ ಈ ಜಾಯಿಂಟ್ ಹಿಡೀತದೋ ಬಿಡ್ತದೋ, ನೋಡಿದ ಕೂಡ್ಲೇ ಹೇಳೋನು ನಾನು" ಅಂದರು. ಆ ಹೆಮ್ಮೆಯ ಬೆನ್ನಿಗೇ, "ಮಗಳು ಮಾತ್ರ ಕುರ್ಚಿ ಮೇಲೆ ಕೂತು ಮಾಡೋ ಕೆಲಸಕ್ಕೇ ಹೋಗ್ಲಿ" ಅಂತಲೂ ಹೇಳಿದರು. ಎರಡನ್ನೂ ಹಾಗೇ ಬರೆದುಕೊಳ್ಳಿ. ಒಂದು ನಿಜ, ಇನ್ನೊಂದು ತೋರಿಕೆ ಅಂತ ತೀರ್ಪು ಕೊಡುವ ಹಕ್ಕು ನಮಗಿಲ್ಲ.

ಮಾತು ಕುದುರಿದ ಮೇಲೆ ಈ ಪ್ರಶ್ನೆ ಇಡಿ: "ನಾಳೆಯಿಂದ ನಿಮಗೆ ಇಂಜಿನಿಯರ್‌ಗಿಂತ ಜಾಸ್ತಿ ಸಂಬಳ ಬಂತು ಅಂತಿಟ್ಕೊಳ್ಳಿ. ಆಗ ನೀವಿಬ್ಬರೂ ಸಮಾನಾ?" ಉತ್ತರಕ್ಕೆ ಅವಸರ ಮಾಡಬೇಡಿ. ಇಂಗ್ಲಿಷ್, ಬಟ್ಟೆ, ಯಾರು ಯಾರನ್ನು ಏಕವಚನದಲ್ಲಿ ಕರೆಯುತ್ತಾರೆ ಎಂಬುದೆಲ್ಲ ಹೊರಬರುವುದು ಇಲ್ಲೇ.

ಬರೆದದ್ದನ್ನು ಕೊನೆಗೆ ಅವರಿಗೇ ಓದಿ ಹೇಳಿ. "ಹಂಗಲ್ಲ ನಾನಂದಿದ್ದು" ಅಂದರೆ ಹಳೆಯದನ್ನು ಅಳಿಸದೆ, ಹೊಸ ಮಾತನ್ನು ಅದರ ಕೆಳಗೇ ಬರೆಯಿರಿ.