ಅಜ್ಜಿ, ಮೊಮ್ಮಗು, ನಡುವಿನವರು: ಕಡಲ ತೀರದಲ್ಲಿ ನಾಲ್ಕು ದಿನ ಆರಾಮಾಗಿ ಇರುವುದು ಹೇಗೆ?

ಮನೆಮಂದಿಯೆಲ್ಲ ಸೇರಿ ಕಡಲಿಗೆ ಹೋಗೋಣ ಅಂದ ಕೂಡಲೇ ಯಾರಾದರೊಬ್ಬರು ಪಟ್ಟಿ ಬರೆಯಲು ಕೂರುತ್ತಾರೆ. ಉಡುಪಿ ಮಠ, ಮಲ್ಪೆ, ಸೇಂಟ್ ಮೇರೀಸ್ ದ್ವೀಪ, ಕೊಲ್ಲೂರು, ಮುರುಡೇಶ್ವರ, ಆಗುವುದಾದರೆ ಗೋಕರ್ಣವೂ ಇರಲಿ. ಒಂದು ಟಿಟಿ ಗಾಡಿ ಮಾಡಿಕೊಂಡು ಮೂರು ದಿನದಲ್ಲಿ ಎಲ್ಲ ಮುಗಿಸುವ ಲೆಕ್ಕ. ಆಮೇಲೆ ಆಗುವುದೇನು? ಅಜ್ಜ ಅರ್ಧ ಊರುಗಳಲ್ಲಿ ಗಾಡಿಯಿಂದ ಇಳಿಯುವುದೇ ಇಲ್ಲ. ಮಗುವಿಗೆ ತಿರುವಿನಲ್ಲಿ ವಾಂತಿ. ಸೊಸೆಯಂದಿರು ದಿನಾ ಬೆಳಿಗ್ಗೆ ಹತ್ತು ಬ್ಯಾಗು ಕಟ್ಟುತ್ತಾರೆ, ರಾತ್ರಿ ಬಿಚ್ಚುತ್ತಾರೆ.

ಮೂರು ತಲೆಮಾರು ಒಟ್ಟಿಗೆ ಹೊರಟಾಗ ನಾನು ಹೇಳುವುದು ಇಷ್ಟೇ: ಒಂದು ಊರು, ಒಂದು ಮನೆ, ದಿನಕ್ಕೆ ಎರಡು ಸಲ ಕಡಲು. ಉಳಿದದ್ದೆಲ್ಲ ಇದಕ್ಕೆ ಹೊಂದಿಕೊಳ್ಳಬೇಕು.

ಮೊದಲು ತಿಂಗಳು ಗೊತ್ತು ಮಾಡಿ

ನಮ್ಮ ಕರಾವಳಿಗೆ ಹಿರಿಯರನ್ನೂ ಮಕ್ಕಳನ್ನೂ ಕರೆದುಕೊಂಡು ಹೋಗಲು ಒಳ್ಳೆಯ ಕಾಲ ಎಂದರೆ ನವೆಂಬರ್ ನಡುವಿನಿಂದ ಫೆಬ್ರವರಿವರೆಗೆ. ಬೆಳಿಗ್ಗೆ ತಂಪು, ಕಡಲು ಸಮಾಧಾನವಾಗಿರುತ್ತದೆ. ಶಾಲೆಗೆ ರಜೆ ಅಂತ ಏಪ್ರಿಲ್, ಮೇ ತಿಂಗಳಲ್ಲಿ ಹೋಗುವವರು ಜಾಸ್ತಿ. ಆದರೆ ಆಗಿನ ಸೆಕೆ ಬಯಲುಸೀಮೆಯ ಬಿಸಿಲಿನ ಹಾಗಲ್ಲ. ಬೆವರು ಆರುವುದೇ ಇಲ್ಲ, ವಯಸ್ಸಾದವರು ಬೇಗ ಸುಸ್ತಾಗುತ್ತಾರೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಡಲನ್ನು ದೂರದಿಂದ ನೋಡಬಹುದು, ಇಳಿಯುವ ಮಾತೇ ಬೇಡ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೂ ನಿಷೇಧ ಇರುವುದರಿಂದ ಮೀನಿನ ಆಸೆಗೆ ಹೋಗುವವರಿಗೂ ಅದು ಸರಿಯಾದ ಕಾಲವಲ್ಲ.

ಡಿಸೆಂಬರ್ ಕೊನೆಯ ವಾರ ಬಿಡಿ, ಕಾಲಿಡಲು ಜಾಗ ಇರುವುದಿಲ್ಲ. ಉಡುಪಿ ಕಡೆ ಹೋಗುವುದಾದರೆ ಎರಡು ವರ್ಷಕ್ಕೊಮ್ಮೆ ಜನವರಿ 18ಕ್ಕೆ ಬರುವ ಪರ್ಯಾಯವನ್ನೂ (ಕೃಷ್ಣಮಠದ ಪೂಜೆಯ ಹೊಣೆ ಒಂದು ಮಠದಿಂದ ಇನ್ನೊಂದಕ್ಕೆ ಹೋಗುವ ಉತ್ಸವ) ನೋಡಿಕೊಳ್ಳಿ. ಉತ್ಸವಕ್ಕೆಂದೇ ಹೋಗುವುದಾದರೆ ಅದು ಬೇರೆ ಸಂತೋಷ. ಸುಮ್ನೆ ಆರಾಮಾಗಿ ಇರಲು ಹೊರಟವರಿಗೆ ಆ ವಾರ ಕೋಣೆಯೂ ಸಿಗುವುದಿಲ್ಲ, ರಸ್ತೆಯೂ ಸಿಗುವುದಿಲ್ಲ.

ತೀರ ಆರಿಸುವಾಗ ಫೋಟೋ ನೋಡಬೇಡಿ

ಫೋಟೋದಲ್ಲಿ ಚೆಂದ ಕಾಣುವುದು ಬಂಡೆ ಇರುವ ತೀರ. ಅಜ್ಜಿಗೂ ನಾಲ್ಕು ವರ್ಷದ ಮಗುವಿಗೂ ಬೇಕಿರುವುದು ಬಂಡೆ ಇಲ್ಲದ, ಇಳಿಜಾರು ಕಡಿಮೆ ಇರುವ, ಗಾಡಿ ಹೊಯ್ಗೆಯ (ಮರಳಿನ) ಹತ್ತಿರದವರೆಗೂ ಬರುವ ತೀರ. ಜೊತೆಗೆ ಶೌಚಾಲಯ. ಇದನ್ನು ಯಾರೂ ಮೊದಲು ಕೇಳುವುದಿಲ್ಲ, ಹೋದ ಮೇಲೆ ಎಲ್ಲರೂ ಹುಡುಕುತ್ತಾರೆ.

ಉಡುಪಿ ಜಿಲ್ಲೆಯ ಪಡುಬಿದ್ರಿ ಮತ್ತು ಹೊನ್ನಾವರದ ಹತ್ತಿರದ ಕಾಸರಕೋಡು ತೀರಗಳಿಗೆ 2020ರಲ್ಲಿ ಬ್ಲೂ ಫ್ಲ್ಯಾಗ್ ಮಾನ್ಯತೆ ಸಿಕ್ಕಿತು. ನೀರಿನ ಗುಣಮಟ್ಟ, ಶೌಚಾಲಯ, ಜೀವರಕ್ಷಕರು, ನಡೆಯಲು ಕಷ್ಟವಿರುವವರಿಗೆ ದಾರಿ, ಇವೆಲ್ಲ ಆ ಮಾನ್ಯತೆಯ ಷರತ್ತುಗಳಲ್ಲಿ ಸೇರಿವೆ. ಬೆಂಗಳೂರು, ಮೈಸೂರು ಕಡೆಯವರಿಗೆ ಪಡುಬಿದ್ರಿ ಅನುಕೂಲ, ಹುಬ್ಬಳ್ಳಿ ಧಾರವಾಡದವರಿಗೆ ಕಾಸರಕೋಡು. ಮಲ್ಪೆಯಲ್ಲಿ ಜನ ಜಾಸ್ತಿ, ಆದರೆ ವಾರದ ನಡುವೆ ಬೆಳಿಗ್ಗೆ ಹೋದರೆ ಅದೂ ಒಳ್ಳೆಯದೇ. ಕಾಪುವಿನಲ್ಲಿ 1901ರ ದೀಪಸ್ತಂಭ ಇದೆ. ಮಕ್ಕಳು ಹತ್ತಿ ಬರಲಿ, ಹಿರಿಯರು ಕೆಳಗೆ ಗಾಳಿಗೆ ಕೂರಲಿ. ಅಲ್ಲಿನ ಬಂಡೆಗಳ ಹತ್ತಿರ ಮಾತ್ರ ನೀರಿಗೆ ಇಳಿಯಬೇಡಿ. ಮರವಂತೆ ನನಗೆ ಬಹಳ ಇಷ್ಟದ ಜಾಗ. ಒಂದು ಕಡೆ ಸೌಪರ್ಣಿಕಾ ಹೊಳೆ, ಇನ್ನೊಂದು ಕಡೆ ಕಡಲು, ನಡುವೆ ಹೆದ್ದಾರಿ. ಆದರೆ ಅದು ನೋಡಲಿಕ್ಕೆ, ಸ್ನಾನಕ್ಕಲ್ಲ.

ಮನೆಯವರಿಗೆ ಫೋನ್ ಮಾಡಿ ಇಷ್ಟು ಕೇಳಿ

ಹೋಂಸ್ಟೇ ಗೊತ್ತು ಮಾಡುವಾಗ ಬಾಡಿಗೆಗಿಂತ ಮೊದಲು ಕೇಳಬೇಕಾದ್ದು ಮೆಟ್ಟಿಲಿನ ವಿಷಯ. ನೆಲಮಹಡಿಯಲ್ಲಿ ಕೋಣೆ ಇದೆಯಾ? ಆ ಕೋಣೆಗೆ ಅಂಟಿಕೊಂಡೇ ಬಚ್ಚಲು ಇದೆಯಾ? ಕಮೋಡ್ ಯಾವ ತರಹದ್ದು? ಅಂಗಳದಿಂದ ಹೊಯ್ಗೆವರೆಗೆ ಎಷ್ಟು ಹೆಜ್ಜೆ? ನಡುವೆ ಹೆದ್ದಾರಿ ದಾಟಬೇಕಾ? ಈ ಕೊನೆಯ ಪ್ರಶ್ನೆ ಮುಖ್ಯ. ರಾಷ್ಟ್ರೀಯ ಹೆದ್ದಾರಿ 66 ಎಷ್ಟೋ ಕಡೆ ಕಡಲಿಗೆ ತೀರಾ ಹತ್ತಿರ ಹೋಗುತ್ತದೆ. ಮಕ್ಕಳನ್ನೂ ಊರುಗೋಲಿನವರನ್ನೂ ಕಟ್ಟಿಕೊಂಡು ದಿನಕ್ಕೆ ನಾಲ್ಕು ಸಲ ಅದನ್ನು ದಾಟುವುದು ಬೇಡ.

ಊಟದ ಬಗ್ಗೆಯೂ ಮೊದಲೇ ಮಾತಾಡಿ. ಕೆಲವು ಮನೆಗಳಲ್ಲಿ ಮೀನು ಒಳಗೆ ತರುವಂತಿಲ್ಲ. ಇನ್ನು ಕೆಲವು ಕಡೆ ಎಲ್ಲಕ್ಕೂ ಒಂದೇ ಅಡುಗೆಮನೆ. ನಿಮ್ಮ ಮನೆಯಲ್ಲಿ ಎರಡೂ ತರಹದವರಿದ್ದರೆ ಅಲ್ಲಿ ಹೋಗಿ ಮುಜುಗರ ಪಡುವುದಕ್ಕಿಂತ ಫೋನಿನಲ್ಲೇ ಇತ್ಯರ್ಥ ಮಾಡಿಕೊಳ್ಳುವುದು ಒಳ್ಳೆಯದು ಅಲ್ವಾ?

ಟಿಕೆಟ್

ಬೆಂಗಳೂರಿನಿಂದ ಪಂಚಗಂಗಾ ಎಕ್ಸ್‌ಪ್ರೆಸ್ ಸಂಜೆ ಹೊರಟು ಬೆಳಗಿನ ಜಾವ ಉಡುಪಿ, ಕುಂದಾಪುರ ದಾಟಿ ಕಾರವಾರಕ್ಕೆ ಹೋಗುತ್ತದೆ. ಘಾಟಿಯ ತಿರುವಿನಲ್ಲಿ ಹೊಟ್ಟೆ ತೊಳಸುವವರಿಗೆ ರೈಲೇ ಸುಖ. ಮುಂಗಡ ಬುಕಿಂಗ್ 60 ದಿನ ಮೊದಲು ತೆರೆಯುತ್ತದೆ, ಅವತ್ತೇ ಮಾಡಿ.

ಇಲ್ಲೊಂದು ವಿಷಯ ತಿಳಿದಿರಲಿ. ಹಿರಿಯರಿಗೆ ಕೆಳಗಿನ ಬರ್ತ್ ಕೊಡುವ ಪ್ರತ್ಯೇಕ ಕೋಟಾ ಇದೆ. ಗಂಡಸರಿಗೆ 60 ವರ್ಷ, ಹೆಂಗಸರಿಗೆ 45 ವರ್ಷ ಆಗಿರಬೇಕು. ಆದರೆ ಒಂದು ಟಿಕೆಟಿನಲ್ಲಿ ಅಂಥವರು ಒಬ್ಬರೋ ಇಬ್ಬರೋ ಮಾತ್ರ ಇದ್ದಾಗ ಅದು ಸಿಗುತ್ತದೆ. ಆರು ಜನರ ಟಿಕೆಟಿನಲ್ಲಿ ಅಜ್ಜ ಅಜ್ಜಿಯನ್ನೂ ಸೇರಿಸಿದರೆ ಆ ಅವಕಾಶ ಹೋಯಿತು. ಆದ್ದರಿಂದ ಅವರಿಬ್ಬರ ಟಿಕೆಟ್ ಬೇರೆ ಮಾಡಿ. ಬೋಗಿ ಬೇರೆಯಾದರೆ ಮನೆಯವರೊಬ್ಬರು ಅಲ್ಲಿನ ಯಾರಲ್ಲಾದರೂ ಕೇಳಿ ಸೀಟು ಬದಲಾಯಿಸಿಕೊಂಡು ಅವರ ಜೊತೆ ಇದ್ದರಾಯಿತು. ಉಡುಪಿಯಲ್ಲಿ ರೈಲು ನಿಲ್ಲುವುದು ಕೆಲವೇ ನಿಮಿಷ. ಮೊದಲೇ ಎಬ್ಬಿಸಿ, ಸಾಮಾನು ಬಾಗಿಲ ಹತ್ತಿರ ತಂದಿಡಿ.

ದಿನದ ಲೆಕ್ಕ

ಬೆಳಿಗ್ಗೆ ಆರೂವರೆಯಿಂದ ಒಂಬತ್ತರವರೆಗೆ ಕಡಲು. ಸಂಜೆ ನಾಲ್ಕೂವರೆಯಿಂದ ಕತ್ತಲಾಗುವವರೆಗೆ ಮತ್ತೆ ಕಡಲು. ನಡುವಿನ ಹೊತ್ತು ಮನೆಯದು. ಹನ್ನೊಂದರಿಂದ ಮೂರೂವರೆವರೆಗೆ ಯಾರೂ ಹೊಯ್ಗೆ ಮೇಲೆ ಕಾಲಿಡುವುದು ಬೇಡ. ಸಕ್ಕರೆ ಕಾಯಿಲೆ ಇದ್ದು ಪಾದದ ಸ್ಪರ್ಶ ಕಡಿಮೆಯಾದವರು ಯಾವ ಹೊತ್ತಿನಲ್ಲೂ ಬರಿಗಾಲಲ್ಲಿ ನಡೆಯಬಾರದು. ಹೊಯ್ಗೆ ಸುಟ್ಟರೂ ಚಿಪ್ಪು ಚುಚ್ಚಿದರೂ ಅವರಿಗೆ ಗೊತ್ತಾಗುವುದಿಲ್ಲ.

ಮಧ್ಯಾಹ್ನ ಏನೂ ಇಟ್ಟುಕೊಳ್ಳಬೇಡಿ. ಊಟ, ನಿದ್ದೆ, ಚೌಕಾಬಾರ, ಹಳೆಯ ಮಾತು. ಮಕ್ಕಳು ಬೋರಾಗುತ್ತಿದೆ ಅಂದರೆ ಅನ್ನಲಿ. ಅಜ್ಜನ ಹತ್ತಿರ ಕವಡೆ ಆಡಲು ಕೂರುವುದು ಆಮೇಲೆಯೇ.

ಅಜ್ಜಿಯನ್ನು ನೀರಿಗೆ ಇಳಿಸುವುದು

ಇದಕ್ಕೆ ಸ್ವಲ್ಪ ಜಾಗ ಕೊಡುತ್ತೇನೆ, ಏಕೆಂದರೆ ಇಡೀ ಪ್ರವಾಸದಲ್ಲಿ ಎಲ್ಲರೂ ಸುಲಭವಾಗಿ ಬಿಟ್ಟುಬಿಡುವುದು ಇದನ್ನೇ. 'ಬೇಡಪ್ಪ, ನಾನು ಇಲ್ಲೇ ಕೂತ್ಕೊಂಡು ನೋಡ್ತೀನಿ' ಅನ್ನುತ್ತಾರೆ. ಒಂದು ಸಲ ಹೇಳಿದ್ದನ್ನು ಕೊನೆಯ ಮಾತು ಅಂದುಕೊಳ್ಳಬೇಡಿ. ಬಲವಂತವೂ ಬೇಡ. ಮರುದಿನ ಮತ್ತೆ ಕೇಳಿ. ಬಯಲುಸೀಮೆಯ ಎಷ್ಟೋ ಹೆಂಗಸರು ಎಪ್ಪತ್ತು ವರ್ಷವಾದರೂ ಒಮ್ಮೆಯೂ ಕಡಲ ನೀರಲ್ಲಿ ನಿಂತವರಲ್ಲ.

ಇಳಿತದ ಹೊತ್ತಿಗೆ ಹೋಗಿ. ಆಗ ಗಟ್ಟಿಯಾದ ಒದ್ದೆ ಹೊಯ್ಗೆ ಅಗಲವಾಗಿ ಸಿಗುತ್ತದೆ. ದಿನಕ್ಕೆ ಎರಡು ಭರತ (ಉಬ್ಬರ), ಎರಡು ಇಳಿತ. ಹೊತ್ತು ದಿನಾ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಇವತ್ತು ಏಳಕ್ಕೆ ಇಳಿತ ಇದ್ದರೆ ನಾಳೆ ಎಂಟರ ಹತ್ತಿರ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಏರಿಳಿತ ಹೆಚ್ಚು. ಬಲೆ ಸರಿಮಾಡುತ್ತಾ ಕುಳಿತ ಮೀನುಗಾರರನ್ನು ಕೇಳಿದರೆ ಸರಿಯಾಗಿ ಹೇಳುತ್ತಾರೆ.

ಮನೆಯಿಂದ ಕೈ ಇರುವ ಒಂದು ಪ್ಲಾಸ್ಟಿಕ್ ಕುರ್ಚಿ ತನ್ನಿ. ಒಣ ಹೊಯ್ಗೆಯಲ್ಲಿ ಊರುಗೋಲು ಹೂತುಹೋಗುತ್ತದೆ, ಆದ್ದರಿಂದ ಅಷ್ಟು ದೂರಕ್ಕೆ ಇಬ್ಬರು ಬೇಕು. ಅವರ ಕೈ ಹಿಡಿದು ಎಳೆಯಬೇಡಿ, ಅವರೇ ನಿಮ್ಮ ಮೊಣಕೈ ಹಿಡಿದುಕೊಳ್ಳಲಿ. ಅಲೆ ಬಂದು ಹಿಮ್ಮಡಿ ಮುಳುಗುವಷ್ಟೇ ನೀರು ನಿಲ್ಲುವ ಕಡೆ ಕುರ್ಚಿ ಇಡಿ. ಮೊದಲು ಮನೆಯಲ್ಲಿ ಭಾರ ಇರುವವರು ಅದರಲ್ಲಿ ಕೂತು ಆಚೀಚೆ ಅಲುಗಾಡಿ ನಾಲ್ಕೂ ಕಾಲು ಒಂದೇ ಸಮ ಹೂಳುವಂತೆ ಮಾಡಲಿ. ಆಮೇಲೆ ಅಜ್ಜಿ ಕೂರಲಿ, ಕಡಲಿಗೆ ಮುಖ ಮಾಡಿ. ಬರುವ ಅಲೆ ಕಾಣುತ್ತಿದ್ದರೆ ಹೆದರಿಕೆ ಕಡಿಮೆ.

ಅಲೆ ವಾಪಸ್ ಹೋಗುವಾಗ ಕುರ್ಚಿಯ ಕಾಲಡಿಯ ಹೊಯ್ಗೆಯನ್ನೂ ಎಳೆದುಕೊಂಡು ಹೋಗುತ್ತದೆ. ಐದಾರು ಅಲೆ ಆಗುವಷ್ಟರಲ್ಲಿ ಕುರ್ಚಿ ಒಂದು ಕಡೆ ವಾಲುತ್ತದೆ. ಹಾಗಾಗಿ ಹಿಂದೆ ಒಬ್ಬರು ಬೆನ್ನು ಹಿಡಿದು ನಿಂತೇ ಇರಬೇಕು, ಆಗಾಗ ಎಬ್ಬಿಸಿ ಕುರ್ಚಿಯ ಜಾಗ ಬದಲಿಸಬೇಕು. ಹಿಂದೆ ಸರಿಯುವ ನೀರನ್ನೇ ನೋಡಿದರೆ ತಲೆ ಸುತ್ತಿದ ಹಾಗಾಗುತ್ತದೆ, ದೂರದ ದೋಣಿ ನೋಡಲು ಹೇಳಿ. ಸೀರೆಯನ್ನು ಮೊಣಕಾಲವರೆಗೆ ಎತ್ತಿ ಸಿಕ್ಕಿಸಿಕೊಳ್ಳಲಿ. ನೆನೆದ ಸೀರೆ ಭಾರ, ಕಾಲಿಗೆ ಸುತ್ತಿಕೊಂಡರೆ ಎದ್ದು ನಿಲ್ಲುವುದು ಕಷ್ಟ. ಪಾದದಡಿಯ ಹೊಯ್ಗೆ ಮೊದಲ ಸಲ ಜಾರಿದಾಗ ಕೂಗುತ್ತಾರೆ, ಎರಡನೇ ಸಲ ನಗುತ್ತಾರೆ. ಆಮೇಲೆ ಮನೆಗೆ ಹೋಗೋಣ ಅಂದರೂ ಏಳುವುದಿಲ್ಲ.

ಶ್ರವಣಯಂತ್ರ ಇದ್ದರೆ ಮನೆಯಲ್ಲೇ ತೆಗೆದಿಡಿ. ಕನ್ನಡಕಕ್ಕೆ ದಾರ ಕಟ್ಟಿ.

ಮಕ್ಕಳ ಕಾವಲು

ಹತ್ತು ಜನ ದೊಡ್ಡವರು ಇದ್ದಾಗಲೇ ಮಗು ಕಣ್ಣು ತಪ್ಪುವುದು. ಪ್ರತಿಯೊಬ್ಬರೂ ಇನ್ನೊಬ್ಬರು ನೋಡುತ್ತಿದ್ದಾರೆ ಅಂದುಕೊಳ್ಳುತ್ತಾರೆ. ಅದಕ್ಕೆ ಪಾಳಿ ಮಾಡಿ. ಅರ್ಧ ಗಂಟೆ ಒಬ್ಬರದು. ಆ ಹೊತ್ತಿನಲ್ಲಿ ಅವರ ಫೋನ್ ಬೇರೆಯವರ ಕೈಯಲ್ಲಿ. ಕೆಲಸ 'ಇನ್ನು ನೀನು' ಅಂತ ಬಾಯಲ್ಲಿ ಹೇಳಿಯೇ ಒಪ್ಪಿಸಬೇಕು. ಈ ಪಾಳಿಯಲ್ಲಿ ಅಜ್ಜ ಅಜ್ಜಿಯನ್ನು ಸೇರಿಸಬೇಡಿ, ಓಡಬೇಕಾದಾಗ ಅವರು ಓಡಲಾರರು.

ನೀರಿನಲ್ಲಿ ಗಮನಿಸಬೇಕಾದ್ದು ಒಂದಿದೆ. ಅಲೆಗಳು ಸಾಲಾಗಿ ಒಡೆಯುತ್ತಿರುವ ಕಡೆ ನಡುವೆ ಒಂದು ಜಾಗದಲ್ಲಿ ಮಾತ್ರ ಅಲೆ ಒಡೆಯದೆ ನೀರು ಸಮನಾಗಿ, ಬಣ್ಣ ಸ್ವಲ್ಪ ಕಪ್ಪಾಗಿ ಇಲ್ಲವೇ ಕೆಸರಾಗಿ ಕಾಣುತ್ತದೆ. ಹೊಸಬರಿಗೆ ಅದೇ ಶಾಂತ ಜಾಗ ಅನ್ನಿಸುತ್ತದೆ. ದಡಕ್ಕೆ ಬಂದ ನೀರು ಒಳಕ್ಕೆ ವಾಪಸ್ ಹರಿಯುವುದು ಅಲ್ಲೇ, ಅದು ಈಜು ಬಲ್ಲವರನ್ನೂ ಎಳೆದುಕೊಂಡು ಹೋಗುತ್ತದೆ. ಸಿಕ್ಕಿಬಿದ್ದರೆ ದಡದ ಕಡೆ ನೇರ ಈಜಬಾರದು. ತೇಲುತ್ತಾ ಕೈ ಎತ್ತಬೇಕು, ದಡಕ್ಕೆ ಸಮನಾಗಿ ಪಕ್ಕಕ್ಕೆ ಈಜಿ ಹೊರಬರಬೇಕು. ದಡದಲ್ಲಿದ್ದವರು ಹಾರಬೇಡಿ. ಜೀವರಕ್ಷಕರನ್ನು ಕರೆಯಿರಿ, ತೇಲುವುದು ಏನಿದ್ದರೂ ಎಸೆಯಿರಿ. ಹೊಳೆ ಕಡಲು ಸೇರುವ ಅಳಿವೆಯ ಹತ್ತಿರ ಯಾರೂ ಇಳಿಯಲೇಬಾರದು.

ಮಕ್ಕಳು ಗುಂಡಿ ತೋಡಲಿ, ಆದರೆ ಅವರ ಮೊಣಕಾಲಿಗಿಂತ ಆಳ ಬೇಡ. ಹೊಯ್ಗೆ ಕುಸಿಯುತ್ತದೆ. ಕತ್ತಲಾದ ಮೇಲೆ ಟಾರ್ಚ್ ಹಿಡಿದು ಏಡಿ ನೋಡಲು ಕರೆದುಕೊಂಡು ಹೋಗಿ, ಅದಕ್ಕಿಂತ ದೊಡ್ಡ ಆಟ ಅವರಿಗೆ ಬೇಡ. ಬೆಳಿಗ್ಗೆ ಅದೃಷ್ಟವಿದ್ದರೆ ಕೈರಂಪಣಿ ಬಲೆ ಎಳೆಯುವುದು ಸಿಗುತ್ತದೆ. ದಡದಲ್ಲಿ ಎರಡು ಸಾಲಾಗಿ ನಿಂತು ಹಗ್ಗ ಎಳೆಯುತ್ತಾರೆ. ಮೂರು ತಲೆಮಾರೂ ಒಂದೇ ಕಡೆ ಬಾಯಿ ಬಿಟ್ಟು ನೋಡುವ ಕೆಲಸ ಅದು.

ಅಡುಗೆಮನೆಗೂ ರಜೆ

ಕುಕ್ಕರ್, ಮಿಕ್ಸಿ, ಹುಳಿಪುಡಿ ಡಬ್ಬಿ ಹೊತ್ತುಕೊಂಡು ಹೋದರೆ ಮನೆಯ ಹೆಂಗಸರು ಬೇರೆ ಊರಿನ ಅಡುಗೆಮನೆಗೆ ಹೋದಂತಾಗುತ್ತದೆ ಅಷ್ಟೇ. ಇದರಲ್ಲಿ ನಾನು ರಾಜಿ ಇಲ್ಲ. ದುಡ್ಡು ಉಳಿಸಬೇಕಾದರೆ ಒಂದು ದಿನ ಕಡಿಮೆ ಮಾಡಿ, ಊಟ ಮಾತ್ರ ಬೇರೆಯವರು ಮಾಡಲಿ. ನೀರುದೋಸೆ, ಬನ್ಸ್, ಮೂಡೆ ಹಿರಿಯರಿಗೂ ಮಕ್ಕಳಿಗೂ ಆಗುತ್ತವೆ. ರಾತ್ರಿ ಕುಚ್ಚಲಕ್ಕಿ ಗಂಜಿ, ಉಪ್ಪಿನಕಾಯಿ, ಚಟ್ನಿ ಕೇಳಿ. ಪ್ರಯಾಣದಲ್ಲಿ ಕೆಟ್ಟ ಹೊಟ್ಟೆಗೆ ಅದಕ್ಕಿಂತ ಒಳ್ಳೆಯದಿಲ್ಲ. ಪುನರ್ಪುಳಿ ಶರಬತ್ತು, ಎಳನೀರು ಹೇಗೂ ಸಿಗುತ್ತವೆ. ಮೂತ್ರಪಿಂಡದ ತೊಂದರೆ ಇದ್ದವರು ಎಳನೀರು ಕುಡಿಯುವ ಮೊದಲು ವೈದ್ಯರನ್ನು ಕೇಳಿರಲಿ. ತಿಂಡಿ ಹೋಟೆಲಿನಲ್ಲಿ ಅಂತಾದರೆ ಎಲ್ಲರೂ ಒಟ್ಟಿಗೆ ಹೊರಡುವವರೆಗೆ ಕಾಯಬೇಡಿ, ಐದಕ್ಕೆ ಎದ್ದ ಅಜ್ಜನಿಗೆ ಏಳಕ್ಕೆ ಹಸಿವಾಗುತ್ತದೆ.

ಒಂದು ದಿನ ಬೇರೆಬೇರೆ

ಎಲ್ಲರೂ ಎಲ್ಲ ಕಡೆ ಒಟ್ಟಿಗೆ ಹೋಗಬೇಕಿಲ್ಲ. ಸೇಂಟ್ ಮೇರೀಸ್ ದ್ವೀಪಕ್ಕೆ ಮಲ್ಪೆಯಿಂದ ದೋಣಿ. ದೋಣಿ ಹತ್ತಿ ಇಳಿಯುವುದು ಮಂಡಿನೋವಿನವರಿಗೆ ಕಷ್ಟ. ಮಡಗಾಸ್ಕರ್ ಭಾರತದಿಂದ ಬೇರೆಯಾದ ಕಾಲದ, ಸುಮಾರು 8.8 ಕೋಟಿ ವರ್ಷ ಹಳೆಯ ಕಂಬದಂಥ ಬಂಡೆಗಳು ಅಲ್ಲಿವೆ. ಶಾಲೆಗೆ ಹೋಗುವ ಮಕ್ಕಳು, ಅಪ್ಪ ಅಮ್ಮ ಹೋಗಿ ಬರಲಿ. ಅಷ್ಟರಲ್ಲಿ ಹಿರಿಯರು ಕೃಷ್ಣಮಠಕ್ಕೆ ಹೋಗಿ ಕನಕನ ಕಿಂಡಿಯಲ್ಲಿ ದರ್ಶನ ಮಾಡಿ, ರಥಬೀದಿಯಲ್ಲಿ ನಿಧಾನಕ್ಕೆ ನಡೆದಾಡಲಿ. ಅವರ ಜೊತೆಗೆ ಒಬ್ಬರು ಇರಲಿ, ಅವಸರ ಇಲ್ಲದವರು. ಪುಟ್ಟ ಮಕ್ಕಳನ್ನು ಅಜ್ಜಿಯ ಹತ್ತಿರ ಬಿಟ್ಟು ಹೋಗುವುದಾದರೆ ಮೊದಲು ಕೇಳಿ. ಅವರೂ ರಜೆಗೆ ಬಂದವರು.

ನವೆಂಬರ್‌ನಿಂದ ಮೇವರೆಗೆ ಯಕ್ಷಗಾನ ಮೇಳಗಳ ತಿರುಗಾಟ ಇರುತ್ತದೆ. ಮನೆಯವರನ್ನು ಕೇಳಿದರೆ ಹತ್ತಿರ ಎಲ್ಲಿ ಆಟ ಅಂತ ಹೇಳುತ್ತಾರೆ. ಕಾಲಮಿತಿಯ ಆಟವಾದರೆ ಮಧ್ಯರಾತ್ರಿಯ ಹೊತ್ತಿಗೆ ಮುಗಿಯುತ್ತದೆ. ಮಕ್ಕಳಿಗೆ ಒಂದು ಬಣ್ಣದ ವೇಷ (ರಾಕ್ಷಸ ಪಾತ್ರ) ಕಂಡರೆ ಸಾಕು, ಆಮೇಲೆ ಮಡಿಲಲ್ಲೇ ನಿದ್ದೆ ಹೋಗುತ್ತಾರೆ.

ದುಡ್ಡು, ಔಷಧಿ, ವಾಪಸ್ ಹೊರಡುವುದು

ಮನೆ ಬಾಡಿಗೆ, ಟಿಕೆಟ್, ಊಟ, ಇವನ್ನು ದುಡಿಯುವವರು ಮೊದಲೇ ಹಂಚಿಕೊಳ್ಳಿ, ಲೆಕ್ಕ ಒಬ್ಬರೇ ಇಡಲಿ. ಅಜ್ಜ ಜೇಬಿಗೆ ಕೈ ಹಾಕಿದಾಗ ತಡೆಯಬೇಡಿ. ಎಳನೀರು, ಐಸ್‌ಕ್ರೀಂ ಅವರ ಖರ್ಚಿನಲ್ಲಿ ಆಗಲಿ, ಅವರಿಗೂ ಅದು ಬೇಕು.

ಬಿಪಿ, ಸಕ್ಕರೆ ಮಾತ್ರೆಗಳನ್ನು ಎರಡು ದಿನಕ್ಕೆ ಹೆಚ್ಚಾಗಿ ಇಟ್ಟುಕೊಳ್ಳಿ, ಕೈಚೀಲದಲ್ಲೇ ಇರಲಿ. ವೈದ್ಯರ ಚೀಟಿಯ ಫೋಟೋ ಇಬ್ಬರ ಫೋನಿನಲ್ಲಿರಲಿ. ಓಆರ್‌ಎಸ್ ಪೊಟ್ಟಣ, ಟೋಪಿ, ಹಳೆಯ ಟವೆಲ್ ಜಾಸ್ತಿ. ಆಂಬುಲೆನ್ಸ್‌ಗೆ 108, ಬೇರೆ ತುರ್ತಿಗೆ 112.

ಕೊನೆಯ ದಿನ ಬೆಳಿಗ್ಗೆ ಕಡಲು ಬೇಡ ಅನ್ನುವುದು ನನ್ನ ಅನುಭವ. ಒದ್ದೆ ಬಟ್ಟೆ, ಹೊಯ್ಗೆ ತುಂಬಿದ ಚಪ್ಪಲಿ ಕಟ್ಟಿಕೊಂಡು ಹೊರಡುವುದು ಯಾರಿಗೂ ಹಿತವಲ್ಲ. ಹಿಂದಿನ ಸಂಜೆಯೇ ಕಡಲಿಗೆ ಕೈಮುಗಿದು ಬನ್ನಿ, ಬಟ್ಟೆ ಸಿಹಿನೀರಲ್ಲಿ ಜಾಲಿಸಿ ಅಂಗಳದಲ್ಲಿ ಹರವಿ. ರಾತ್ರಿ ರೈಲಿಗೆ ವಾಪಸ್ ಬರುವುದಾದರೆ ಮಾರನೇ ದಿನವೂ ಆಫೀಸಿಗೆ ರಜೆ ಹಾಕಿ, ಆ ದಿನದ ತಿಂಡಿ ಹೋಟೆಲಿನಿಂದ ತರಿಸಿ.