ಹತ್ತು ತೂತಿನ ಹಾರ್ಪ್‌ನಲ್ಲಿ ಬ್ಲೂಸ್: ನನ್ನ ಅನುಭವ

ಅಮೆರಿಕದ ಕಪ್ಪು ಜನರಲ್ಲಿ ಹುಟ್ಟಿದ ಬ್ಲೂಸ್ ಸಂಗೀತದ ಕಡೆಗೆ ನನ್ನನ್ನು ಎಳೆದದ್ದು ಚಾರ್ಲಿ ಮಸಲ್‌ವೈಟ್ ನುಡಿಸುವ ಮೌತ್ ಆರ್ಗನ್ (ಬ್ಲೂಸ್‌ನವರು ಇದನ್ನೇ ಹಾರ್ಪ್ ಅಂತಾರೆ). 1944ರಲ್ಲಿ ಮಿಸಿಸಿಪ್ಪಿಯಲ್ಲಿ ಹುಟ್ಟಿ, ಮೆಂಫಿಸ್‌ನಲ್ಲಿ ಬೆಳೆದು, ಫ್ಯಾಕ್ಟರಿ ಕೆಲಸ ಹುಡುಕಿಕೊಂಡು ಶಿಕಾಗೋಗೆ ಹೋದ ಅವರು ಅಲ್ಲಿನ ಸೌತ್ ಸೈಡ್ ಕ್ಲಬ್ಬುಗಳಲ್ಲಿ ಲಿಟಲ್ ವಾಲ್ಟರ್, ಬಿಗ್ ವಾಲ್ಟರ್ ಹಾರ್ಟನ್ ಅಂಥ ಹಾರ್ಪ್ ವಾದಕರನ್ನು ಹತ್ತಿರದಿಂದ ಕೇಳಿ ಕಲಿತರು. ಮುಂದೆ ಕ್ಯೂಬಾದ ಸಂಗೀತಗಾರ ಎಲಿಯಾಡೆಸ್ ಒಚೋವಾ ಜೊತೆಗೂ ನುಡಿಸಿದರು. ಬೆನ್ ಹಾರ್ಪರ್ ಜೊತೆ ಮಾಡಿದ ಆಲ್ಬಂಗೆ 2014ರಲ್ಲಿ ಗ್ರ್ಯಾಮಿ ಬಂತು. ಎಲ್ಲಿ ಹೋದರೂ ನಾದ ಮಾತ್ರ ಅವರದ್ದೇ!

ಅಷ್ಟು ಬಗೆಯ ಸಂಗೀತಕ್ಕೆ ಒಂದು ಪುಟ್ಟ ಹಾರ್ಪ್ ಹೇಗೆ ಸಾಕಾಗುತ್ತೆ? ನನಗೆ ಬಾಗಿಲು ತೆರೆದದ್ದು ಪೊಸಿಷನ್‌ಗಳು, ಅಂದರೆ ಒಂದೇ ಹಾರ್ಪಿನಲ್ಲಿ ಬೇರೆ ಬೇರೆ ಸ್ವರವನ್ನು ಷಡ್ಜ ಮಾಡಿಕೊಂಡು ನುಡಿಸುವುದು. ಸಿ ಹಾರ್ಪನ್ನು ಸಿ ಶ್ರುತಿಯಲ್ಲೇ ನುಡಿಸಿದರೆ ಶಂಕರಾಭರಣ. ಜಿ ಸ್ವರವನ್ನು ಷಡ್ಜ ಮಾಡಿಕೊಂಡರೆ ಹರಿಕಾಂಭೋಜಿ, ಅದೇ ಸೆಕೆಂಡ್ ಪೊಸಿಷನ್, ಬ್ಲೂಸ್‌ನ ಮನೆ. ಡಿ ಷಡ್ಜವಾದರೆ ಖರಹರಪ್ರಿಯ. ನಾಲ್ಕನೇ ತೂತಿನಲ್ಲಿ ಉಸಿರೆಳೆದು ಶುರು ಮಾಡಿ, ಎಂಟನೇದರವರೆಗೆ ಏಳೂ ಸ್ವರ ಬೆಂಡ್ (ಸ್ವರವನ್ನು ಬಾಗಿಸಿ ಇಳಿಸುವುದು) ಇಲ್ಲದೆ ಸಿಗುತ್ತವೆ. ಮೈನರ್ ಛಾಯೆಯ ಹಾಡುಗಳಿಗೆ ನಾನು ಇದನ್ನೇ ಹಿಡಿಯುತ್ತೇನೆ.

ಜಾಸ್ತಿ ಸಮಯ ತೆಗೆದುಕೊಂಡದ್ದು ಬೆಂಡ್. ಒಂದೇ ತೂತಿನಲ್ಲಿ ಊದುವ ರೀಡ್ (ಗಾಳಿಗೆ ಕಂಪಿಸುವ ಲೋಹದ ಪಟ್ಟಿ), ಎಳೆಯುವ ರೀಡ್ ಎರಡೂ ಇರುತ್ತವೆ ಅಲ್ವಾ, ಮೊದಲ ಆರು ತೂತುಗಳಲ್ಲಿ ಎಳೆಯುವ ಸ್ವರವನ್ನು ಊದುವ ಸ್ವರದ ಹತ್ತಿರದವರೆಗೂ ಇಳಿಸಬಹುದು. ಮೂರನೇ ತೂತಿನಲ್ಲಿ ಈ ಅಂತರ ದೊಡ್ಡದು, ಅದಕ್ಕೇ ನಡುವೆ ಮೂರು ಸ್ವರ ಸಿಗುತ್ತವೆ. ಐದನೇದರಲ್ಲಿ ಅಂತರ ಅರ್ಧ ಸ್ವರ ಮಾತ್ರ, ಅಲ್ಲಿ ಸುಮ್ನೆ ಒದ್ದಾಡಬೇಡಿ. ಜೋರಾಗಿ ಎಳೆಯುವುದೂ ಬೇಡ. ನಾಲಿಗೆಯನ್ನು ಹಿಂದಕ್ಕೆ ಸರಿಸುತ್ತಾ ಬಾಯೊಳಗೆ 'ಈ' ಇಂದ 'ಊ'ಗೆ ಜಾರಿದರೆ ಸ್ವರ ತಾನಾಗಿ ಕೆಳಗಿಳಿಯುತ್ತೆ. ಸೆಕೆಂಡ್ ಪೊಸಿಷನ್‌ನಲ್ಲಿ ಮೂರನೇ ತೂತೇ ಗಾಂಧಾರ. ಅಂತರ ಗಾಂಧಾರವೂ ಅಲ್ಲದ, ಸಾಧಾರಣ ಗಾಂಧಾರವೂ ಅಲ್ಲದ ಆ ನಡುವಿನ ಜಾಗದಲ್ಲೇ ಬ್ಲೂಸ್ ಇರುವುದು. ಗಮಕ ಕೇಳಿ ಬೆಳೆದ ಕಿವಿಗೆ ಅದು ಬೇಗ ಸಿಗುತ್ತೆ, ತಂಬೂರಿ ಹಾಕಿಕೊಂಡು ಅಭ್ಯಾಸ ಮಾಡಿ ನೋಡಿ.

ಬ್ಯಾಂಡ್ ಜೊತೆ ನಿಂತಾಗ ಹಾಡುವವರ ಸಾಲು ಮುಗಿಯುವವರೆಗೂ ನಾನು ನುಡಿಸುವುದಿಲ್ಲ. ಹನ್ನೆರಡು ಬಾರ್ (ತಾಳದ ಆವರ್ತ) ಬ್ಲೂಸ್‌ನಲ್ಲಿ ಸಾಮಾನ್ಯವಾಗಿ ಪ್ರತಿ ಸಾಲಿನ ನಂತರ ಸುಮಾರು ಎರಡು ಬಾರ್ ಖಾಲಿ ಇರುತ್ತೆ, ಉತ್ತರ ಹೇಳಲು ಅಷ್ಟು ಸಾಕು.

ಕೊಳ್ಳುವವರಿಗೆ ಒಂದು ಮಾತು: ಟ್ರೆಮೊಲೊ (ಪ್ರತಿ ಸ್ವರಕ್ಕೂ ಎರಡು ರೀಡ್ ಇರುವ ಬಗೆ) ಬೇಡ. ಅದರಲ್ಲಿ ಒಂದೊಂದು ರೀಡಿಗೂ ಬೇರೆ ಗೂಡು, ಈ ಥರ ಬೆಂಡ್ ಆಗುವುದಿಲ್ಲ. ಹತ್ತು ತೂತಿನ ಡಯಾಟೋನಿಕ್ (ಒಂದೇ ಶ್ರುತಿಯ ಏಳು ಸ್ವರಗಳಿಗೆ ಕೂರಿಸಿದ ಹಾರ್ಪ್), ಸಿ ಶ್ರುತಿಯದ್ದು ಕೇಳಿ ತೆಗೆದುಕೊಳ್ಳಿ.