ಗೇರ್ ಬಾಕ್ಸ್ ಆಯಿಲ್ ಸೋರ್ತಿದೆಯಾ? ಬಿಳಿ ಕಾಗದ ಹಾಸಿ ನೋಡಿ

ಕಾರಿನ ಕೆಳಗೆ ಎಣ್ಣೆ ಕಲೆ ಕಂಡರೆ, ರಾತ್ರಿ ರಟ್ಟಿಗೆ ಬಿಳಿ ಕಾಗದ ಅಂಟಿಸಿ ಗಾಡಿ ಕೆಳಗೆ ಹಾಸಿ, ಮುಂದಿನ ಗಾಲಿ ಎಲ್ಲಿದೆ ಅಂತ ಪೆನ್ನಲ್ಲಿ ಗುರುತು ಹಾಕಿ. ನಮ್ಮ ಕಲಬುರಗಿಯಲ್ಲಿ ಮನೆ ಮುಂದೆ ಶಹಾಬಾದ್ ಪರಸಿ ಕಲ್ಲು ಇರುತ್ತಲ್ವಾ, ಅದರ ಬೂದು ಬಣ್ಣದ ಮೇಲೆ ಹನಿಯ ಬಣ್ಣ ಗೊತ್ತೇ ಆಗಲ್ಲ. ಕಾಗದದ ಮೇಲೆ ಕೆಂಪು ಕಂಡರೆ ಸಾಮಾನ್ಯವಾಗಿ ಆಟೋಮ್ಯಾಟಿಕ್ ಗೇರ್ ಬಾಕ್ಸಿನದು, ಹಳೆಯದಾದರೆ ಕಂದು. ಮ್ಯಾನುಯಲ್ ಗಾಡಿಯ ಗೇರ್ ಆಯಿಲ್ ದಪ್ಪ, ಗಂಧಕದ ಘಾಟು ಜಾಸ್ತಿ. ಬರೀ ನೀರಾದರೆ ಎಸಿಯದು, ಈ ಬಿಸಿಲಲ್ಲಿ ಅದು ಸಹಜ. ಆಮೇಲೆ ಗಾಲಿ ಗುರುತು ನೋಡಿ, ಹನಿ ಬಿದ್ದ ಜಾಗದ ನೇರ ಮೇಲೆ ಗಾಡಿ ತಳದ ಧೂಳು, ಜಿಡ್ಡು ಒರೆಸಿ, ಎಲ್ಲಿ ಮೊದಲು ಹಸಿ ಕಾಣುತ್ತೆ ನೋಡಿ. ಡ್ರೈನ್ ಬೋಲ್ಟ್ (ಆಯಿಲ್ ಇಳಿಸೋ ಬೋಲ್ಟ್) ಹತ್ತಿರ ಆದರೆ ಆಯಿಲ್ ಇಳಿಸಿ ಹೊಸ ವಾಷರ್ ಹಾಕಿ ಹದವಾಗಿ ಬಿಗಿ ಮಾಡಿ, ಬೋಲ್ಟ್ ಕೂರುವ ಅಲ್ಯೂಮಿನಿಯಂ ಥ್ರೆಡ್ ಬೇಗ ಸವೆಯುತ್ತೆ, ಜೋರು ತೋರಿಸಬೇಡಿ. ಕಂಪನಿ ಪುಸ್ತಕದಲ್ಲಿ ಹೇಳಿದ ಆಯಿಲ್ಲೇ, ಅದರಲ್ಲಿ ಹೇಳಿದ ಮಟ್ಟದವರೆಗೆ ತುಂಬಿ. ಬರೀ ಜಾಕಿ ನಂಬಿ ಕೆಳಗೆ ನುಗ್ಗಬೇಡಿ, ಸ್ಟ್ಯಾಂಡ್ ಇರಲೇಬೇಕು. ಗಾಡಿ ಓಡುವಾಗ ಮಾತ್ರ ಸೋರಿದರೆ ಈ ಉಪಾಯ ನಡೆಯಲ್ಲ, ಗಾಳಿಗೆ ಎಣ್ಣೆ ಹಿಂದಕ್ಕೆ ಹರಡಿರುತ್ತೆ. ಕೆಲವು ಗಾಡಿಯಲ್ಲಿ ಪವರ್ ಸ್ಟೀರಿಂಗ್ ಆಯಿಲ್ ಕೂಡ ಕೆಂಪೇ. ಆಕ್ಸಲ್ ಸೀಲ್ (ಗಾಲಿಗೆ ಹೋಗುವ ಆಕ್ಸಲ್ ಗೇರ್ ಬಾಕ್ಸಿಗೆ ಸೇರುವಲ್ಲಿ ಆಯಿಲ್ ತಡೆಯೋ ಸೀಲ್) ಹೋಗಿದ್ದರೆ ಮೆಕ್ಯಾನಿಕ್ ಹತ್ತಿರವೇ ಹೋಗಿ.